ಕೌಬಾಯ್ ಕಾದಂಬರಿಗಳ ಮೂಲ ಚಿತ್ರಗಳ ಸಂಗ್ರಹ: ಮೊದಲು ಪುಟ ಹುಡುಕಿ, ಆಮೇಲೆ ದುಡ್ಡು ಕೊಡಿ

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ, ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳಲ್ಲಿ ಲೂಯಿ ಲಮೂರ್ ಕಾದಂಬರಿಗಳನ್ನೋ ‘ಸಡನ್’ ಸರಣಿಯನ್ನೋ ಹುಡುಕಿ ಓದಿದವರಿಗೆ ಆ ಮುಖಪುಟಗಳು ಚೆನ್ನಾಗಿ ನೆನಪಿರುತ್ತವೆ. ಧೂಳೆಬ್ಬಿಸಿ ಓಡುವ ಕುದುರೆ, ಅದರ ಕತ್ತಿನ ಮೇಲೆ ಬಾಗಿ ಕೂತ ಸವಾರ, ಹಿಂದೆ ಕೆಂಪು ಬಂಡೆಗಳು. ಅಚ್ಚಿಗೆ ಹೋಗುವ ಮೊದಲು ಅದನ್ನು ಒಬ್ಬ ಕಲಾವಿದ ಕೈಯಾರೆ ಬಣ್ಣ ಹಚ್ಚಿ ಬರೆದಿರುತ್ತಾನೆ. ಆ ಮೂಲ ಚಿತ್ರಗಳನ್ನು ಹುಡುಕಿ ಕೊಂಡು ಕಾಪಾಡುವವರು ಅಮೆರಿಕದಲ್ಲಿ ತುಂಬ ಜನ ಇದ್ದಾರೆ. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಮತ್ತು ಇಲ್ಲಿಂದಲೇ ಆನ್‌ಲೈನ್ ಹರಾಜು ನೋಡುವವರಿಗೆ ಅನುಕೂಲವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಚಿತ್ರಗಳೆಲ್ಲ ಹುಟ್ಟಿದ್ದು ಪುಸ್ತಕದ ಅಥವಾ ಪತ್ರಿಕೆಯ ಒಂದು ಪುಟಕ್ಕಾಗಿ. ಆ ಪುಟ ಸಿಕ್ಕಿದರೆ ಚಿತ್ರದ ವಯಸ್ಸು, ಬರೆದವರು, ಕಥೆಯ ಸನ್ನಿವೇಶ ಎಲ್ಲವೂ ಸಿಗುತ್ತದೆ. ಪುಟ ಸಿಗದಿದ್ದರೆ ನಿಮ್ಮ ಕೈಯಲ್ಲಿರುವುದು ಯಾರೋ ಬರೆದ ಒಂದು ಕುದುರೆ, ಅಷ್ಟೇ. ಮುಂದಿನ ಎಲ್ಲ ಹೆಜ್ಜೆಗಳೂ ಇದನ್ನೇ ಸುತ್ತುತ್ತವೆ.

ಹೆಜ್ಜೆ 1: ಯಾವ ಕಾಲದ ಚಿತ್ರ ಬೇಕು ಅಂತ ತೀರ್ಮಾನ ಮಾಡಿ

ಎಲ್ಲವನ್ನೂ ಕೊಳ್ಳಲು ಹೊರಟರೆ ಏನೂ ಕಲಿಯುವುದಿಲ್ಲ. ಸ್ಥೂಲವಾಗಿ ಮೂರು ಕಾಲಘಟ್ಟಗಳಿವೆ.

ಮೊದಲನೆಯದು ಸುಮಾರು 1885ರಿಂದ 1930ರವರೆಗಿನ ಪುಸ್ತಕ ಮತ್ತು ದೊಡ್ಡ ಪತ್ರಿಕೆಗಳ ಕಾಲ. ಫ್ರೆಡರಿಕ್ ರೆಮಿಂಗ್ಟನ್ (1861–1909), ಚಾರ್ಲ್ಸ್ ಎಂ. ರಸೆಲ್ (1864–1926), ಎನ್.ಸಿ. ವೈಯತ್ (1882–1945), ಫ್ರಾಂಕ್ ಸ್ಕೂನೋವರ್, ಮೇನಾರ್ಡ್ ಡಿಕ್ಸನ್, ಡಬ್ಲ್ಯು.ಎಚ್.ಡಿ. ಕರ್ನರ್ ಈ ಕಾಲದವರು. ಕೌಬಾಯ್ ಅಂದರೆ ಇವತ್ತು ನಮ್ಮ ಕಣ್ಣಿಗೆ ಬರುವ ರೂಪ ಕೊಟ್ಟವರೇ ಇವರು. ವೈಯತ್ ಅವರ ಕಥೆ ನನಗೆ ತುಂಬ ಇಷ್ಟ. 1903ರ ಫೆಬ್ರವರಿ 21ರ ‘ಸ್ಯಾಟರ್ಡೇ ಈವನಿಂಗ್ ಪೋಸ್ಟ್’ ಮುಖಪುಟಕ್ಕೆ ಸವಾರನನ್ನು ಕೊಡವಿ ಹಾಕುತ್ತಿರುವ ಕುದುರೆಯ ಚಿತ್ರ ಬರೆದಾಗ ಅವರಿನ್ನೂ ಕೌಬಾಯ್‌ಗಳ ನಾಡಾದ ಅಮೆರಿಕದ ಪಶ್ಚಿಮ ಸೀಮೆಯನ್ನು ಕಂಡೇ ಇರಲಿಲ್ಲ. ಮರುವರ್ಷ ಕೊಲರಾಡೋಗೆ ಹೋಗಿ ದನಗಾಹಿಗಳ ಜೊತೆ ಕೆಲಸ ಮಾಡಿದರು. ಅಲ್ಲಿಂದ ಬಂದ ಮೇಲೆ ಬರೆದ ಕುದುರೆಗಳ ಪಕ್ಕ ಆ ಮೊದಲ ಕುದುರೆಯನ್ನು ಇಟ್ಟು ನೋಡಿ, ವ್ಯತ್ಯಾಸ ತಾನಾಗೇ ಕಾಣುತ್ತದೆ.

ಈ ದೊಡ್ಡ ಹೆಸರುಗಳ ತೈಲಚಿತ್ರಗಳು ಸಾಮಾನ್ಯ ಸಂಬಳದವರ ಕೈಗೆ ಎಟಕುವುದಿಲ್ಲ. ಆದರೆ ಅದೇ ಕಾಲದ ಅಷ್ಟಾಗಿ ಹೆಸರು ಮಾಡದ ಕಲಾವಿದರ ಕಪ್ಪು-ಬಿಳುಪು ಚಿತ್ರಗಳು ಆಗಾಗ ಹರಾಜಿಗೆ ಬರುತ್ತಿರುತ್ತವೆ.

ಎರಡನೆಯದು ಪಲ್ಪ್ ಪತ್ರಿಕೆಗಳ ಕಾಲ. ‘ವೆಸ್ಟರ್ನ್ ಸ್ಟೋರಿ ಮ್ಯಾಗಜೀನ್’ 1919ರಲ್ಲಿ ಶುರುವಾಯಿತು. ಅಗ್ಗದ ಕಾಗದ, ವಾರ ವಾರ ಸಂಚಿಕೆ, ಒಳಪುಟಕ್ಕೆಲ್ಲ ಪೆನ್ನು-ಇಂಕಿನ ಚಿತ್ರ. ಕೆಲಸ ಮುಗಿದ ಮೇಲೆ ಈ ಚಿತ್ರಗಳಲ್ಲಿ ಬಹಳಷ್ಟನ್ನು ಕಸಕ್ಕೆ ಹಾಕಿದರು. ಉಳಿದವುಗಳಲ್ಲಿ ಒಳಪುಟದ ಚಿತ್ರಗಳು ಇವತ್ತಿಗೂ ಕೆಲವು ನೂರು ಡಾಲರ್‌ಗೆ ಸಿಗುತ್ತವೆ. ಹೊಸಬರಿಗೆ ನಾನು ಇದನ್ನೇ ಹೇಳುವುದು. ಅದರಲ್ಲೂ ನಿಕ್ ಎಗನ್‌ಹಾಫರ್ (1897–1985) ಅವರನ್ನು ನೋಡಿ. ಹುಟ್ಟಿದ್ದು ಜರ್ಮನಿಯ ಬವೇರಿಯಾದಲ್ಲಿ, ಕೊನೆಗಾಲ ಕಳೆದದ್ದು ವಯೋಮಿಂಗ್‌ನ ಕೋಡಿಯಲ್ಲಿ. ಬಂಡಿ, ಹೇಸರಗತ್ತೆ, ನೊಗ, ಪಟ್ಟಿ, ಒಂದೂ ತಪ್ಪುವುದಿಲ್ಲ. 1961ರಲ್ಲಿ ಬಂಡಿಗಳ ಬಗ್ಗೆಯೇ ಒಂದು ಪುಸ್ತಕ ತಂದವರು ಅವರು.

ಮೂರನೆಯದು 1945ರ ನಂತರದ ಪೇಪರ್‌ಬ್ಯಾಕ್ ಮುಖಪುಟಗಳು. ನಮ್ಮಲ್ಲಿ ಹೆಚ್ಚಿನವರು ನೋಡಿ ಬೆಳೆದದ್ದು ಇವನ್ನೇ. ಫ್ರಾಂಕ್ ಮೆಕಾರ್ಥಿ, ಜೇಮ್ಸ್ ಬಾಮಾ, ನಾರ್ಮನ್ ಸಾಂಡರ್ಸ್ ಈ ಕೆಲಸ ಮಾಡಿದವರು. ಬೆಲೆ ಸಾಮಾನ್ಯವಾಗಿ ಸಾವಿರ ಡಾಲರ್‌ಗಳ ಲೆಕ್ಕದಲ್ಲಿ ಇರುತ್ತದೆ.

ಕುದುರೆ ಮಾತ್ರ ಸಾಕು ಅನ್ನುವವರಿಗೆ ಬೇರೆ ದಾರಿಯೂ ಇದೆ. ವಿಲ್ ಜೇಮ್ಸ್ ತಾವೇ ಕಥೆ ಬರೆದು ತಾವೇ ಚಿತ್ರ ಹಾಕಿದವರು, 1926ರ ‘ಸ್ಮೋಕಿ’ಗೆ ಮಕ್ಕಳ ಪುಸ್ತಕಗಳಿಗೆ ಕೊಡುವ ನ್ಯೂಬೆರಿ ಪದಕ ಬಂತು. ಅರಿಝೋನಾದಲ್ಲಿ ಕುದುರೆ ಕಾಯುತ್ತಿದ್ದ ರಾಸ್ ಸ್ಯಾಂಟೀ ಕೆಲವೇ ಗೆರೆಗಳಲ್ಲಿ ಕುದುರೆ ತರುತ್ತಾರೆ. ವೆಸ್ಲಿ ಡೆನಿಸ್ ಮಕ್ಕಳ ಕುದುರೆ ಕಥೆಗಳಿಗೆ ಹೆಸರಾದವರು.

ಹೆಜ್ಜೆ 2: ಸವಾರನನ್ನು ಬಿಟ್ಟು ಕುದುರೆ ನೋಡುವುದನ್ನು ಕಲಿಯಿರಿ

ಹೊಸಬರು ಟೋಪಿ, ಪಿಸ್ತೂಲು, ಮುಖ ನೋಡುತ್ತಾರೆ. ಪಳಗಿದವರ ಕಣ್ಣು ಮೊದಲು ಕುದುರೆಯ ಕಾಲಿಗೆ ಹೋಗುತ್ತದೆ.

1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಕ್ಯಾಲಿಫೋರ್ನಿಯಾದಲ್ಲಿ ಓಡುವ ಕುದುರೆಯ ಸರಣಿ ಫೋಟೋ ತೆಗೆದರು. ಅಲ್ಲಿಯವರೆಗೆ ಚಿತ್ರಕಾರರು ನಾಗಾಲೋಟದ ಕುದುರೆಗೆ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿಸಿ ಬರೆಯುತ್ತಿದ್ದರು. ನಿಜವಾಗಿ ಕುದುರೆ ನೆಲ ಬಿಡುವುದು ನಾಲ್ಕೂ ಕಾಲು ಹೊಟ್ಟೆಯ ಕೆಳಗೆ ಒಟ್ಟು ಸೇರಿದಾಗ. ರೆಮಿಂಗ್ಟನ್ ತಲೆಮಾರು ಇದನ್ನು ಬೇಗ ಅರಗಿಸಿಕೊಂಡಿತು. ಹಾಗಾಗಿ ಒಳ್ಳೆಯ ಕಲಾವಿದನ ಹೆಸರಿನ ಚಿತ್ರದಲ್ಲಿ ಕಾಲುಗಳು ಮರದ ಕುದುರೆಯ ಹಾಗೆ ಚಾಚಿಕೊಂಡಿದ್ದರೆ ಅಲ್ಲೇ ನಿಂತು ಯೋಚಿಸಿ.

ಆಮೇಲೆ ಜೀನು ನೋಡಿ. ಕೌಬಾಯ್ ಜೀನಿನ ಮುಂದೆ ಒಂದು ಕೊಂಬು ಇರುತ್ತದೆ, ದನಕ್ಕೆ ಕುಣಿಕೆ ಎಸೆದ ಮೇಲೆ ಹಗ್ಗ ಸುತ್ತುವುದು ಅದಕ್ಕೇ. ಹೊಟ್ಟೆಗೆ ಬಿಗಿದ ಪಟ್ಟಿ ಎಲ್ಲಿ ಬರುತ್ತದೆ, ಲಗಾಮು ಕಡಿವಾಣದ ಯಾವ ಭಾಗಕ್ಕೆ ಸೇರುತ್ತದೆ, ರಿಕಾಪಿನಲ್ಲಿ ಕಾಲು ಎಷ್ಟು ಒಳಗಿದೆ, ಇವೆಲ್ಲ ಗೊತ್ತಿದ್ದು ಬರೆದವರ ಕೈ ಒಂದು ಥರ, ನೋಡಿ ನಕಲು ಮಾಡಿದವರ ಕೈ ಇನ್ನೊಂದು ಥರ. ನಕಲಿನಲ್ಲಿ ಬಕಲ್ ಇರುವ ಕಡೆ ಸುಮ್ನೆ ಒಂದು ಕಪ್ಪು ಚುಕ್ಕೆ ಇರುತ್ತದೆ.

ಮ್ಯೂಸಿಯಂಗಳ ವೆಬ್‌ಸೈಟಿನಲ್ಲಿ ಈ ಅಭ್ಯಾಸವನ್ನು ಪುಕ್ಕಟೆ ಮಾಡಬಹುದು. ಕೋಡಿಯ ಬಫಲೋ ಬಿಲ್ ಸೆಂಟರ್, ಚಾಡ್ಸ್ ಫೋರ್ಡ್‌ನ ಬ್ರ್ಯಾಂಡಿವೈನ್ ಮ್ಯೂಸಿಯಂ, ಫೋರ್ಟ್ ವರ್ತ್‌ನ ಏಮನ್ ಕಾರ್ಟರ್, ಗ್ರೇಟ್ ಫಾಲ್ಸ್‌ನ ಸಿ.ಎಂ. ರಸೆಲ್ ಮ್ಯೂಸಿಯಂ ನೋಡಿ. ಅಮೆರಿಕದಲ್ಲಿ ಇರುವವರು ಬ್ರ್ಯಾಂಡಿವೈನ್‌ಗೆ ಒಮ್ಮೆ ಹೋಗಿಬನ್ನಿ. ಪುಸ್ತಕದಲ್ಲಿ ಅಂಗೈಯಗಲ ಕಂಡ ಚಿತ್ರದ ಮೂಲ ಮೂರು ನಾಲ್ಕು ಅಡಿ ಎತ್ತರ ಇರುವುದು ನೋಡಿದರೆ ಎದೆ ಝಲ್ ಅನ್ನುತ್ತದೆ.

ಹೆಜ್ಜೆ 3: ಪುಟ ಹುಡುಕಿ

ಇದೇ ಮುಖ್ಯ ಕೆಲಸ. ಯಾಕೆ ಅನ್ನುವುದಕ್ಕೆ ಕರ್ನರ್ ಅವರ ಒಂದು ಚಿತ್ರವೇ ಸಾಕ್ಷಿ. ಗುಡ್ಡ ಹತ್ತಿ ಬರುತ್ತಿರುವ ಒಬ್ಬ ಸವಾರ, ಹಿಂದೆ ಇನ್ನೂ ಕೆಲವರು. ಇದು 1918ರಲ್ಲಿ ‘ಎ ಚಾರ್ಜ್ ಟು ಕೀಪ್’ ಎಂಬ ಕಥೆಯ ಜೊತೆ ಅಚ್ಚಾಯಿತು. ಅದೇ ಹೆಸರಿನ ಕ್ರೈಸ್ತ ಸ್ತೋತ್ರವೂ ಇದ್ದದ್ದರಿಂದ ಆ ಸವಾರ ಊರೂರು ಸುತ್ತುವ ಧರ್ಮಪ್ರಚಾರಕ ಎಂಬ ಮಾತು ಹಬ್ಬಿತು. ಜಾರ್ಜ್ ಡಬ್ಲ್ಯು. ಬುಷ್ ಅದನ್ನು ಪ್ರೀತಿಯಿಂದ ತಮ್ಮ ಕಚೇರಿಯಲ್ಲಿ ಹಾಕಿಕೊಂಡರು, ತಮ್ಮ ಆತ್ಮಕಥೆಗೂ ಅದೇ ಹೆಸರಿಟ್ಟರು. ಆದರೆ ಚಿತ್ರ ಮೊದಲು ಅಚ್ಚಾದದ್ದು 1916ರಲ್ಲಿ, ‘ಸ್ಯಾಟರ್ಡೇ ಈವನಿಂಗ್ ಪೋಸ್ಟ್’ನ ಬೇರೊಂದು ಕಥೆಗೆ. ಅಲ್ಲಿ ಆ ಸವಾರ ಜನರಿಂದ ತಪ್ಪಿಸಿಕೊಂಡು ಓಡುತ್ತಿರುವ ಕುದುರೆ ಕಳ್ಳ! ಪತ್ರಿಕೆಗಳು ಒಂದೇ ಚಿತ್ರವನ್ನು ಎರಡು ಮೂರು ಕಥೆಗೆ ಬಳಸುತ್ತಿದ್ದವು. ಹಾಗಾಗಿ ಒಂದು ಪುಟ ಸಿಕ್ಕಿತು ಅಂತ ನಿಲ್ಲಿಸಬೇಡಿ, ಅದಕ್ಕಿಂತ ಹಳೆಯದು ಇದೆಯೋ ಅಂತಲೂ ನೋಡಿ.

ಹುಡುಕುವ ಕ್ರಮ ಹೀಗೆ. ಮೊದಲು ಚಿತ್ರದ ಹಿಂಭಾಗದ ಫೋಟೋ ಕೇಳಿ. ಅಲ್ಲಿ ಪತ್ರಿಕೆಯ ಮೊಹರು, ಕಥೆಯ ಹೆಸರು, ಸಂಚಿಕೆಯ ತಾರೀಖು, ಪುಟ ಸಂಖ್ಯೆ, ಹಿಂದಿರುಗಿಸಬೇಕಾದ ವಿಳಾಸ ಇವುಗಳಲ್ಲಿ ಏನಾದರೂ ಒಂದು ಇರುವ ಸಾಧ್ಯತೆ ಜಾಸ್ತಿ. ಅದನ್ನು ಹಿಡಿದು ಇಂಟರ್ನೆಟ್ ಆರ್ಕೈವ್, ಹಾಥಿಟ್ರಸ್ಟ್ ತಾಣಗಳಲ್ಲಿ ಹಳೆಯ ಪತ್ರಿಕೆಗಳ ಸ್ಕ್ಯಾನ್ ತೆರೆಯಿರಿ. ಪಲ್ಪ್ ಕಥೆಗಳಿಗೆ ಫಿಕ್ಷನ್‌ಮ್ಯಾಗ್ಸ್ ಸೂಚಿ ಇದೆ, ಅದರಲ್ಲಿ ಲೇಖಕರ ಹೆಸರಿನಿಂದ ಸಂಚಿಕೆಗೆ ಹೋಗಬಹುದು.

ದೊಡ್ಡ ಕಲಾವಿದರಿಗೆ ಈ ಕೆಲಸವನ್ನು ವಿದ್ವಾಂಸರು ಆಗಲೇ ಮಾಡಿಟ್ಟಿದ್ದಾರೆ. ಒಬ್ಬರ ಗೊತ್ತಿರುವ ಎಲ್ಲ ಚಿತ್ರಗಳನ್ನೂ ಅಳತೆ, ಕಾಲ, ಕೈ ಬದಲಾದ ಇತಿಹಾಸದ ಸಮೇತ ಪಟ್ಟಿ ಮಾಡಿದ ಗ್ರಂಥಕ್ಕೆ ಈ ವಲಯದಲ್ಲಿ ‘ಕ್ಯಾಟಲಾಗ್ ರೇಝೊನೇ’ ಅನ್ನುತ್ತಾರೆ. ರೆಮಿಂಗ್ಟನ್, ರಸೆಲ್, ವೈಯತ್, ಸ್ಕೂನೋವರ್ ನಾಲ್ವರಿಗೂ ಇದೆ. ಸ್ಕೂನೋವರ್ ಅಂತೂ ದಿನಚರಿ ಪುಸ್ತಕದಲ್ಲಿ ಪ್ರತಿ ಚಿತ್ರಕ್ಕೂ ನಂಬರ್ ಹಾಕಿ ವಿವರ ಬರೆದಿಟ್ಟವರು. ಸಂಗ್ರಾಹಕರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಪುಟ ಸಿಕ್ಕ ಮೇಲೆ ಆ ಪುಸ್ತಕವನ್ನೋ ಸಂಚಿಕೆಯನ್ನೋ ಕೊಂಡುಬಿಡಿ. ಹೆಚ್ಚಿನವು ಕಡಿಮೆ ದುಡ್ಡಿಗೆ ಸಿಗುತ್ತವೆ. ಚಿತ್ರ ಕೈತಪ್ಪಿದರೂ ಪುಸ್ತಕ ಉಳಿಯಿತು, ನಷ್ಟವೇನಿಲ್ಲ ಅಲ್ವಾ?

ಹೆಜ್ಜೆ 4: ಮೂಲವೋ ನಕಲೋ ಪರೀಕ್ಷಿಸಿ

ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಒಂದು ಇರಲಿ. ಅಚ್ಚಿನ ಚಿತ್ರದಲ್ಲಿ ಸಾಲಾಗಿ ಚುಕ್ಕೆಗಳು ಕಾಣುತ್ತವೆ. ಇಂಕ್‌ಜೆಟ್ ಮುದ್ರಣದಲ್ಲಿ ಚುಕ್ಕೆಗಳು ಚೆಲ್ಲಾಪಿಲ್ಲಿ ಇರುತ್ತವೆ. ಕ್ಯಾನ್ವಾಸಿನ ಮೇಲೆ ಮುದ್ರಿಸಿ, ಮೇಲೆ ಪಾರದರ್ಶಕ ಅಂಟನ್ನು ಬ್ರಷ್‌ನಿಂದ ಬಳಿದು ತೈಲಚಿತ್ರದಂತೆ ಮಾಡಿ ಮಾರುವವರೂ ಇದ್ದಾರೆ. ಆಗ ಬ್ರಷ್ಷಿನ ಗೆರೆ ಒಂದು ದಿಕ್ಕಿಗೆ, ಕುದುರೆಯ ಬೆನ್ನಿನ ತಿರುವು ಇನ್ನೊಂದು ದಿಕ್ಕಿಗೆ ಹೋಗುತ್ತದೆ. ನಿಜವಾದ ಚಿತ್ರದಲ್ಲಿ ಬಣ್ಣ ಮೈಯ ತಿರುವನ್ನೇ ಹಿಡಿದು ಹೋಗಿರುತ್ತದೆ. ಬೆಳಕನ್ನು ಪಕ್ಕದಿಂದ ಬಿಟ್ಟು ನೋಡಿದರೆ ಇದು ಬೇಗ ಗೊತ್ತಾಗುತ್ತದೆ.

ಇಂಕಿನ ಚಿತ್ರವಾದರೆ ದಪ್ಪ ಬಿಳಿ ಹಲಗೆಯ (ಚಿತ್ರ ಬರೆಯಲೆಂದೇ ಮಾಡಿದ, ಮೇಲೆ ಕಾಗದ ಅಂಟಿಸಿದ ರಟ್ಟು) ಮೇಲೆ ಕಪ್ಪು ಇಂಕು ಒಂದು ಕಡೆ ದಟ್ಟ, ಒಂದು ಕಡೆ ಪೇಲವ ಇರುತ್ತದೆ. ತಪ್ಪಿದ ಕಡೆ ಬಿಳಿ ಬಣ್ಣ ಹಚ್ಚಿ ತಿದ್ದಿರುತ್ತಾರೆ, ಬೆರಳಿಗೆ ಅದು ಉಬ್ಬು ಉಬ್ಬಾಗಿ ತಿಳಿಯುವಂತಿರುತ್ತದೆ (ಮುಟ್ಟಬೇಡಿ, ಕಣ್ಣಿನಿಂದಲೇ ನೋಡಿ). ಅಂಚಿನಲ್ಲಿ ನೀಲಿ ಪೆನ್ಸಿಲ್ಲಿನಲ್ಲಿ ಎಷ್ಟು ಇಂಚಿಗೆ ಚಿಕ್ಕದು ಮಾಡಬೇಕು ಅಂತ ಬರೆದಿರುತ್ತದೆ. ಮೂಲೆಗಳಲ್ಲಿ ಕತ್ತರಿಸುವ ಗುರುತು. ಈ ಗಲೀಜು ನೋಡಿ ಖುಷಿಪಡಿ. ಮುದ್ರಣದ ಮನೆ ದಾಟಿ ಬಂದದ್ದಕ್ಕೆ ಇದೇ ಪುರಾವೆ.

ತೈಲಚಿತ್ರ ಬರೀ ಕಪ್ಪು, ಬಿಳಿ, ಬೂದು ಬಣ್ಣದಲ್ಲಿದ್ದರೆ ಅನುಮಾನ ಬೇಡ. ಪುಟ ಒಂದೇ ಬಣ್ಣದಲ್ಲಿ ಅಚ್ಚಾಗುವುದು ಗೊತ್ತಿದ್ದರೆ ಕಲಾವಿದರು ಹಾಗೇ ಬರೆಯುತ್ತಿದ್ದರು. ಪೇಪರ್‌ಬ್ಯಾಕ್ ಮುಖಪುಟದ ಮೂಲದಲ್ಲಿ ಮೇಲ್ಗಡೆ ಆಕಾಶ ಅಗತ್ಯಕ್ಕಿಂತ ಜಾಸ್ತಿ ಇರುತ್ತದೆ. ಕಾದಂಬರಿಯ ಹೆಸರು ಬರಬೇಕಾದ ಜಾಗ ಅದು.

ಇನ್ನೊಂದು ಪರೀಕ್ಷೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲು. ಚಿತ್ರವನ್ನು ಅಚ್ಚಾದ ಪುಟದ ಪಕ್ಕ ಇಟ್ಟು ಅಂಚುಗಳನ್ನು ಹೋಲಿಸಿ. ಮುದ್ರಣದಲ್ಲಿ ಸುತ್ತ ಸ್ವಲ್ಪ ಕತ್ತರಿಸುತ್ತಾರೆ, ಹಾಗಾಗಿ ಮೂಲದಲ್ಲಿ ಪುಟಕ್ಕಿಂತ ಒಂದಿಷ್ಟು ಹೆಚ್ಚು ಇರಬೇಕು, ಬಾಲದ ತುದಿಯೋ, ಬೇಲಿಯ ಇನ್ನೊಂದು ಕಂಬವೋ. ಅಚ್ಚಿನ ಪುಟ ನಿಂತ ಕಡೆಯೇ ಚಿತ್ರವೂ ನಿಂತಿದ್ದರೆ ಪುಟವನ್ನು ನೋಡಿ ನಕಲು ಮಾಡಿರುವ ಸಾಧ್ಯತೆ ದೊಡ್ಡದು. ಹಾಗೆಯೇ ಅಚ್ಚಿನಲ್ಲಿ ಮಬ್ಬಾಗಿ ಕಪ್ಪಾದ ನೆರಳಿನ ಜಾಗವನ್ನು ಮೂಲದಲ್ಲಿ ನೋಡಿ. ಅಲ್ಲಿ ಹಗ್ಗದ ಸುರುಳಿಯೋ ಚೀಲದ ಹೊಲಿಗೆಯೋ ಬಿಡಿಸಿ ಕಂಡರೆ ನೆಮ್ಮದಿ.

ನೇರಳಾತೀತ ಟಾರ್ಚೂ ಉಪಯೋಗಕ್ಕೆ ಬರುತ್ತದೆ. ಸುಮಾರು 1950ರ ನಂತರದ ಕಾಗದಕ್ಕೆ ಹೊಳಪಿನ ರಾಸಾಯನಿಕ ಸೇರಿಸುತ್ತಾರೆ, ಕತ್ತಲಲ್ಲಿ ಆ ಬೆಳಕು ಬಿಟ್ಟರೆ ಕಾಗದ ನೀಲಿಯಾಗಿ ಮಿನುಗುತ್ತದೆ. 1910ರ ಚಿತ್ರ ಅಂತ ಹೇಳಿ ಕಾಗದ ಹಾಗೆ ಮಿನುಗಿದರೆ ಕೈಬಿಡಿ. ದೊಡ್ಡ ಮೊತ್ತ ಕೊಡುವುದಾದರೆ ಪ್ರಯೋಗಾಲಯದಲ್ಲಿ ಬಣ್ಣದ ಪರೀಕ್ಷೆ ಮಾಡಿಸಿ. ಟೈಟಾನಿಯಂ ಬಿಳಿ ಬಣ್ಣ ಕಲಾವಿದರ ಕೈಗೆ ಬಂದದ್ದು 1920ರ ಆಸುಪಾಸು. 1909ರಲ್ಲೇ ತೀರಿಕೊಂಡ ರೆಮಿಂಗ್ಟನ್ ಅದನ್ನು ಬಳಸಿರಲು ಸಾಧ್ಯವಿಲ್ಲ.

ರೆಮಿಂಗ್ಟನ್ ಮತ್ತು ರಸೆಲ್ ಹೆಸರಿನಲ್ಲಿ ನಕಲಿಗಳು ತುಂಬ ಇವೆ. ರಸೆಲ್ ಸಹಿಯ ಜೊತೆ ಕಾಡುಕೋಣದ ತಲೆಬುರುಡೆಯ ಗುರುತು ಇರುತ್ತದೆ, ಅದನ್ನು ಬರೆಯುವುದು ಯಾರಿಗೂ ಕಷ್ಟವಲ್ಲ. ಸಹಿಯನ್ನು ಕೊನೆಗೆ ನೋಡಿ. ಇವರಿಬ್ಬರ ಚಿತ್ರವನ್ನು ಪರಿಣತರ ಅಭಿಪ್ರಾಯ ಇಲ್ಲದೆ ಕೊಳ್ಳಲೇಬೇಡಿ.

ಹೆಜ್ಜೆ 5: ಎಲ್ಲಿ ಕೊಳ್ಳುವುದು, ಎಷ್ಟಕ್ಕೆ

ಡಲ್ಲಾಸ್‌ನ ಹೆರಿಟೇಜ್ ಆಕ್ಷನ್ಸ್ ಮತ್ತು ನ್ಯೂಯಾರ್ಕಿನ ಸ್ವಾನ್ ಗ್ಯಾಲರೀಸ್ ಕಥಾಚಿತ್ರಗಳಿಗೆಂದೇ ಹರಾಜು ನಡೆಸುತ್ತವೆ. ಅಮೆರಿಕದ ಪಶ್ಚಿಮ ಸೀಮೆಯ ಕಲೆಗೆ ಕೋರ್ಡಲೇನ್ ಆರ್ಟ್ ಆಕ್ಷನ್, ಸ್ಕಾಟ್ಸ್‌ಡೇಲ್ ಆರ್ಟ್ ಆಕ್ಷನ್ ಇವೆ. ಹೆರಿಟೇಜ್ ತಾಣದಲ್ಲಿ ಹೆಸರು ನೋಂದಾಯಿಸಿದರೆ ಹಿಂದಿನ ಮಾರಾಟದ ಬೆಲೆಗಳೂ ಕಾಣುತ್ತವೆ. ಏನನ್ನೂ ಕೂಗುವ ಮುಂಚೆ ಕೆಲವು ತಿಂಗಳು ಸುಮ್ನೆ ಬೆಲೆ ನೋಡುತ್ತಾ ಇರಿ.

ಹಳೇ ಸಾಮಾನಿನ ಅಂಗಡಿಯಲ್ಲಿ ನಿಧಿ ಸಿಗುವುದೂ ಉಂಟು. 2017ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಒಬ್ಬರು 4 ಡಾಲರ್‌ಗೆ ಕೊಂಡ ಚಿತ್ರ, 1939ರ ‘ರಮೋನಾ’ ಕಾದಂಬರಿಯ ಆವೃತ್ತಿಗೆ ವೈಯತ್ ಬರೆದದ್ದು ಅಂತ ಆಮೇಲೆ ತಿಳಿಯಿತು. 2023ರ ಹರಾಜಿನಲ್ಲಿ ಅದರ ಬೆಲೆ 1,91,000 ಡಾಲರ್‌ಗೆ ಹೋಯಿತು. ಇಲ್ಲಿಯೂ ಚಿತ್ರಕ್ಕೆ ಬೆಲೆ ಬಂದದ್ದು ಅದು ಯಾವ ಪುಸ್ತಕದ್ದು ಅಂತ ಗೊತ್ತಾದ ಮೇಲೆಯೇ.

ಹರಾಜಿನ ಪಟ್ಟಿಯ ಭಾಷೆಯನ್ನು ಗಮನವಿಟ್ಟು ಓದಿ. ಕಲಾವಿದನ ಹೆಸರು ಮಾತ್ರ ಇದ್ದರೆ ಅವರದ್ದೇ ಅಂತ ಸಂಸ್ಥೆ ಹೇಳುತ್ತಿದೆ. ‘ಅಟ್ರಿಬ್ಯೂಟೆಡ್ ಟು’ ಅಂದರೆ ಅವರದ್ದಿರಬಹುದು. ‘ಆಫ್ಟರ್’ ಅಂತ ಇದ್ದರೆ ಅವರ ಚಿತ್ರ ನೋಡಿ ಬೇರೆಯವರು ಮಾಡಿದ್ದು.

ಕೂಗಿದ ಬೆಲೆಯೇ ಕೊಡುವ ಬೆಲೆ ಅಲ್ಲ. ಸಂಸ್ಥೆಯ ಕಮಿಷನ್ ಸಾಮಾನ್ಯವಾಗಿ ಶೇ 20ರಿಂದ 28ರಷ್ಟು ಮೇಲೆ ಬೀಳುತ್ತದೆ. 1,000 ಡಾಲರ್‌ಗೆ ಗೆದ್ದ ಚಿತ್ರ ಶೇ 25ರ ಲೆಕ್ಕದಲ್ಲಿ 1,250 ಆಗುತ್ತದೆ. ಅದರ ಮೇಲೆ ತೆರಿಗೆ, ಸಾಗಣೆ, ವಿಮೆ, ಫ್ರೇಮು. ನಿಮ್ಮ ಮಿತಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಕೂರಿ. ಚಿತ್ರದ ಸ್ಥಿತಿಯ ವರದಿಯನ್ನು ಮೊದಲೇ ತರಿಸಿಕೊಳ್ಳಿ. ಹಲಗೆಯಿಂದ ಮೇಲಿನ ಕಾಗದವನ್ನು ಸುಲಿದಿದ್ದಾರೆಯೇ, ರಬ್ಬರ್ ಅಂಟಿನ ಕಂದು ಕಲೆ ಇದೆಯೇ, ಹಿಂದಿನವರು ಅಂಚು ಕತ್ತರಿಸಿದ್ದಾರೆಯೇ ಅಂತ ಕೇಳಿ. ಅಂಚು ಕತ್ತರಿಸಿದ್ದರೆ ಮೇಲೆ ಹೇಳಿದ ಹೋಲಿಕೆ ಪರೀಕ್ಷೆಯೇ ಕೈತಪ್ಪುತ್ತದೆ.

ಹೆಜ್ಜೆ 6: ಭಾರತಕ್ಕೆ ತರಿಸುವುದಾದರೆ

ಕೈಯಿಂದ ಮಾಡಿದ ಚಿತ್ರಗಳು ಕಸ್ಟಮ್ಸ್‌ನಲ್ಲಿ ಸುಂಕಪಟ್ಟಿಯ 9701 ಶೀರ್ಷಿಕೆಯಡಿ ಬರುತ್ತವೆ. ಮಾರುವವರು ಇನ್‌ವಾಯ್ಸ್‌ನಲ್ಲಿ ‘ಪೋಸ್ಟರ್’, ‘ಪ್ರಿಂಟ್’ ಅಂತ ಬರೆಯದಂತೆ ಮೊದಲೇ ಹೇಳಿ. ಸುಂಕದ ಲೆಕ್ಕಕ್ಕೆ ಸಾಗಣೆ, ವಿಮೆಯೂ ಸೇರುತ್ತದೆ. ದರಗಳು ಆಗಾಗ ಬದಲಾಗುತ್ತವೆ, ಆ ಹೊತ್ತಿನ ದರವನ್ನು ಕಸ್ಟಮ್ಸ್ ಏಜೆಂಟ್ ಹತ್ತಿರ ಕೇಳಿಕೊಂಡೇ ಮುಂದುವರಿಯಿರಿ. ಬಿಲ್ ಆಫ್ ಎಂಟ್ರಿ (ಆಮದಿಗೆ ಕಸ್ಟಮ್ಸ್‌ಗೆ ಸಲ್ಲಿಸುವ ಪತ್ರ) ಪ್ರತಿಯನ್ನು ಜೋಪಾನ ಮಾಡಿ. ಪುರಾತನ ವಸ್ತುಗಳ ಬಗೆಗಿನ ನಮ್ಮ 1972ರ ಕಾಯ್ದೆಯಲ್ಲಿ 100 ವರ್ಷ ದಾಟಿದ ಕಲಾಕೃತಿಗಳನ್ನು ದೇಶದಿಂದ ಹೊರಗೆ ಕಳಿಸಲು ಕಟ್ಟುನಿಟ್ಟು ಇದೆ. ಮುಂದೆ ವಾಪಸ್ ಮಾರುವ ಯೋಚನೆ ಇದ್ದರೆ ಪುರಾತತ್ವ ಇಲಾಖೆಯನ್ನು ಮುಂಚೆಯೇ ವಿಚಾರಿಸಿ.

ಪ್ಯಾಕಿಂಗ್ ಬಗ್ಗೆ ರಾಜಿ ಬೇಡ. ಹಲಗೆಯ ಚಿತ್ರ ಎರಡು ಗಟ್ಟಿ ರಟ್ಟುಗಳ ನಡುವೆ ಚಪ್ಪಟೆಯಾಗಿ ಬರಬೇಕು. ತೈಲಚಿತ್ರವನ್ನು ಸುರುಳಿ ಸುತ್ತಿ ಕಳಿಸುತ್ತೇವೆ ಅಂದರೆ ಒಪ್ಪಬೇಡಿ, ಹಳೆಯ ಬಣ್ಣ ಬಿರಿದು ಉದುರುತ್ತದೆ.

ಹೆಜ್ಜೆ 7: ಮನೆಯಲ್ಲಿ ಕಾಪಾಡುವುದು

ಅಮೆರಿಕದ ಒಣ ಹವೆಯಲ್ಲಿ ನೂರು ವರ್ಷ ಚೆನ್ನಾಗಿದ್ದ ಹಲಗೆ ಮಂಗಳೂರಿನ ಒಂದು ಮಳೆಗಾಲದಲ್ಲಿ ಬೂಷ್ಟು ಹಿಡಿಯಬಹುದು. ಗಾಳಿಯ ತೇವ ಶೇ 45ರಿಂದ 55ರ ನಡುವೆ ಇದ್ದರೆ ಒಳ್ಳೆಯದು. ಒಂದು ತೇವಮಾಪಕ ಇಡಿ, ಮಳೆ ಬೀಳುವ ಹೊರಗೋಡೆಗೆ ಚಿತ್ರ ನೇತುಹಾಕಬೇಡಿ, ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ತುಂಡು ಅಂಟಿಸಿ ಗೋಡೆಯಿಂದ ದೂರ ಇಡಿ. ಗೆದ್ದಲಿಗೂ ಇದೇ ಮೊದಲ ರಕ್ಷಣೆ. ಬಿಸಿಲು ನೇರ ಬೀಳುವ ಜಾಗವಂತೂ ಬೇಡವೇ ಬೇಡ, ಕಾಗದದ ಮೇಲಿನ ಚಿತ್ರಗಳಿಗೆ 50 ಲಕ್ಸ್ (ಬೆಳಕಿನ ಅಳತೆ) ಬೆಳಕು ಸಾಕು ಅನ್ನುವುದು ಮ್ಯೂಸಿಯಂಗಳ ಲೆಕ್ಕ.

ಫ್ರೇಮಿನ ಅಂಗಡಿಯವರಿಗೆ ಬಾಯಿಬಿಟ್ಟು ಹೇಳಿ: ಫೆವಿಕಾಲ್ ಬೇಡ, ಸೆಲೋ ಟೇಪ್ ಬೇಡ, ಲ್ಯಾಮಿನೇಷನ್ ಬೇಡ, ಸುತ್ತಲಿನ ಮೌಂಟ್ ಆಮ್ಲರಹಿತ ಆಗಿರಲಿ, ಗಾಜು ಚಿತ್ರಕ್ಕೆ ತಾಗಕೂಡದು. ನೀಲಿ ಪೆನ್ಸಿಲ್ ಗುರುತು, ಮೊಹರು, ಹಿಂದಿನ ಚೀಟಿ ಯಾವುದನ್ನೂ ಉಜ್ಜಬಾರದು, ಕೀಳಬಾರದು. ಚಂದ ಕಾಣಲಿ ಅಂತ ಇದನ್ನು ತೆಗೆದರೆ ಅರ್ಧ ಇತಿಹಾಸವೇ ಹೋದಂತೆ. ಚಿತ್ರ ಬಿರಿದಿದ್ದರೆ, ಕಲೆ ಹೆಚ್ಚಾಗಿದ್ದರೆ ಸ್ವಂತ ಪ್ರಯೋಗ ಬೇಡ. ಬೆಂಗಳೂರಿನಲ್ಲಿ ಪರಂಪರೆ ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರ ಇದೆ, ಅಲ್ಲಿ ತೋರಿಸಿ.

ಚಿತ್ರ ಕೊಂಡ ಮಾತ್ರಕ್ಕೆ ಅದರ ಕಾಪಿರೈಟ್ ನಿಮ್ಮದಾಗುವುದಿಲ್ಲ. ಅಮೆರಿಕದಲ್ಲಿ ಅಚ್ಚಾಗಿ 95 ವರ್ಷ ದಾಟಿದ ಚಿತ್ರಗಳು ಅಲ್ಲಿ ಎಲ್ಲರ ಸ್ವತ್ತು. ಅದಕ್ಕಿಂತ ಹೊಸ ಪೇಪರ್‌ಬ್ಯಾಕ್ ಮುಖಪುಟವನ್ನು ಅಂಗಿಯ ಮೇಲೆ ಮುದ್ರಿಸಿ ಮಾರುವ ಯೋಚನೆ ಇದ್ದರೆ ಹಕ್ಕು ಯಾರದ್ದು ಅಂತ ತಿಳಿದುಕೊಂಡು ಅನುಮತಿ ಪಡೆಯಿರಿ.

ಪ್ರತಿ ಚಿತ್ರಕ್ಕೂ ಒಂದು ಫೈಲು ಮಾಡಿ. ರಸೀದಿ, ಮುಂದಿನ-ಹಿಂದಿನ ಫೋಟೋ, ಅಳತೆ, ಯಾರಿಂದ ಬಂತು, ಮಾರಿದವರ ಜೊತೆಗಿನ ಮೇಲ್‌ಗಳ ಪ್ರತಿ, ಅಚ್ಚಾದ ಪುಟದ ಸ್ಕ್ಯಾನ್. ಪುಸ್ತಕ ಅಥವಾ ಸಂಚಿಕೆಯನ್ನು ಅದೇ ಕಪಾಟಿನಲ್ಲಿ ಇಡಿ, ಫ್ರೇಮಿನ ಹಿಂದೆ ಒಂದು ಲಕೋಟೆಯಲ್ಲಿ ಕಥೆಯ ಹೆಸರು, ತಾರೀಖು, ಪುಟ ಸಂಖ್ಯೆ ಬರೆದು ಸಿಕ್ಕಿಸಿ. ಮನೆಯಲ್ಲಿ ಇನ್ನೊಬ್ಬರಿಗೂ ಈ ಫೈಲು ಎಲ್ಲಿದೆ ಅಂತ ತೋರಿಸಿಡಿ. ಪುಟ ಸಿಗದೆ ಕೈಬಿಟ್ಟ ಚಿತ್ರಗಳ ಫೋಟೋಗಳನ್ನೂ ಅಳಿಸಬೇಡಿ. ಹಳೆಯ ಪತ್ರಿಕೆಗಳ ಸ್ಕ್ಯಾನ್‌ಗಳು ಹೊಸದಾಗಿ ಸೇರುತ್ತಲೇ ಇರುತ್ತವೆ, ವರ್ಷಕ್ಕೊಮ್ಮೆ ಮತ್ತೆ ಹುಡುಕಿ ನೋಡಿ.